ಬಾಲಕಿಯರ ಪಂದ್ಯಕ್ಕೆ ಅರ್ಹರಾರು?

ಆಟದ ಮೈದಾನದಲ್ಲಿ ಹುಡುಗರಿಗೊಂದು, ಹುಡುಗಿಯರಿಗೊಂದು ಎಂದು ಪಂದ್ಯಗಳನ್ನು ಬೇರೆ ಬೇರೆಯಾಗಿ ನಡೆಯಿಸುವುದು ಎಲ್ಲೆಡೆಯಲ್ಲಿಯೂ ರೂಢಿಯಾಗಿರುವುದರಿಂದ, ಹೀಗೇಕೆ ಎಂದು ಕೇಳುವವರೇ ವಿರಳ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 2020ನೆಯ ಇಸವಿಯಿಂದೀಚೆಗೆ ಈ ರೂಢಿಯೇ ಶಾಸನಸಭೆಗಳಲ್ಲಿಯೂ ನ್ಯಾಯಸ್ಥಾನಗಳಲ್ಲಿಯೂ ಚುನಾವಣೆಯ ವೇದಿಕೆಗಳಲ್ಲಿಯೂ ಬಿರುಸಾದ ವಾದಕ್ಕೆ ಎಡೆಗೊಟ್ಟಿದೆ. ಹುಟ್ಟಿದಾಗ ಗಂಡೆಂದು ದಾಖಲೆಯಾಗಿ, ಮುಂದೆ ತಮ್ಮನ್ನು ಹೆಣ್ಣೆಂದೇ ಅರಿತು ಹೆಣ್ಣಾಗಿ ಬಾಳುತ್ತಿರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು ಸ್ತ್ರೀಯರ ಪಂದ್ಯಗಳಿಗೆ ಸೇರಿಸಿಕೊಳ್ಳಬಹುದೆ, ಕೂಡದೆ ಎಂಬುದೇ ಆ ವಾದದ ತಿರುಳು. ಅದರ ಬಹುಭಾಗವು ಹೈಸ್ಕೂಲಿನ ಬಾಲಕಿಯರನ್ನು ಕುರಿತದ್ದಾದ ಕಾರಣ, ಹೆಣ್ಣುಮಕ್ಕಳ ಶಾಲೆಯೊಂದರ ಹಳೆಯ ವಿದ್ಯಾರ್ಥಿನಿಯರೂ ತಾಯ್ತಂದೆಗಳೂ ಇದನ್ನು ತುಸು ವಿವರವಾಗಿ ತಿಳಿದಿರುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮೊದಲು ದೇಹದ ವಿಷಯ. ಪ್ರಾಯಕ್ಕೆ ಬರುವ ಮುನ್ನ ಹುಡುಗ ಹುಡುಗಿಯರ ಓಟದಲ್ಲಿ ಕಾಣುವ ಅಂತರವು ಅತ್ಯಲ್ಪ. ಪ್ರಾಯವು ತಲೆದೋರಿದ ಮೇಲೆ ಗಂಡುಮಕ್ಕಳ ದೇಹದಲ್ಲಿ ಟೆಸ್ಟೋಸ್ಟಿರೋನ್ ಎಂಬ ರಸವು ಹೇರಳವಾಗಿ ಉತ್ಪನ್ನವಾಗಿ, ಎಲುಬುಗಳು ನೀಳವಾಗುತ್ತವೆ, ಮಾಂಸಖಂಡಗಳು ಬಲಿಯುತ್ತವೆ, ರಕ್ತದಲ್ಲಿ ಹಿಮೋಗ್ಲೋಬಿನ್ ಹೆಚ್ಚುತ್ತದೆ. ಇದರ ಫಲವಾಗಿ ಅತ್ಯುತ್ತಮ ಓಟಗಾರರಲ್ಲಿ ಗಂಡಸರಿಗೂ ಹೆಂಗಸರಿಗೂ ನೂರಕ್ಕೆ 10ರಿಂದ 12ರಷ್ಟು ಅಂತರವುಂಟಾಗಿದೆ. ಜಿಗಿತದಲ್ಲಿ ಅದು ಇನ್ನೂ ಅಧಿಕ. ಎಲ್ಲರಿಗೂ ಒಂದೇ ಪಂದ್ಯವಿದ್ದರೆ ಕೊನೆಯ ಸುತ್ತಿನಲ್ಲಿ ಹೆಣ್ಣಿನ ಹೆಸರೇ ಕಾಣಸಿಗದು. ಸ್ತ್ರೀಯರಿಗೆ ಬೇರೆ ಪಂದ್ಯವನ್ನು ಏರ್ಪಡಿಸಿದ್ದು ಅವರ ಮೇಲಿನ ಮರುಕದಿಂದಲ್ಲ, ಈ ಲೆಕ್ಕದಿಂದ.

ಹಾಗಾದರೆ ಪ್ರಾಯ ಕಳೆದ ಮೇಲೆ ಔಷಧದಿಂದ ಈ ರಸವನ್ನು ತಗ್ಗಿಸಿದರೆ ಅಂತರವು ಅಳಿಯುವುದೆ? ಹಿಮೋಗ್ಲೋಬಿನ್ ಕೆಲವು ತಿಂಗಳುಗಳಲ್ಲಿಯೇ ಸ್ತ್ರೀಯರ ಮಟ್ಟಕ್ಕಿಳಿಯುತ್ತದೆ. ಮಾಂಸಬಲವು ನಿಧಾನವಾಗಿ, ಸ್ವಲ್ಪಮಟ್ಟಿಗೆ ಮಾತ್ರ ಕುಗ್ಗುತ್ತದೆ. ಎಲುಬಿನ ಉದ್ದವಂತೂ ಇಳಿಯುವುದೇ ಇಲ್ಲ. ಅಮೆರಿಕದ ವಾಯುಸೈನ್ಯದ ವ್ಯಾಯಾಮಪರೀಕ್ಷೆಗಳ ದಾಖಲೆಗಳನ್ನು ಶೋಧಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಎರಡು ವರ್ಷಗಳ ಚಿಕಿತ್ಸೆಯ ತರುವಾಯ ದಂಡ ಹೊಡೆಯುವುದರಲ್ಲಿ ಟ್ರಾನ್ಸ್‌ಜೆಂಡರ್ ಸ್ತ್ರೀಯರ ಮೇಲುಗೈ ಇಲ್ಲವಾಯಿತೆಂದೂ, ಒಂದೂವರೆ ಮೈಲಿಯ ಓಟದಲ್ಲಿ ಮಾತ್ರ ಅವರು ಇನ್ನೂ ನೂರಕ್ಕೆ 12ರಷ್ಟು ಮುಂದಿದ್ದರೆಂದೂ ಕಂಡುಬಂತು. ಇವರೆಲ್ಲರೂ ಸೈನಿಕರೇ ಹೊರತು ಪಂದ್ಯಕ್ಕೆಂದು ಪಳಗಿದ ಕ್ರೀಡಾಪಟುಗಳಲ್ಲವೆಂಬುದನ್ನೂ ಮರೆಯಲಾಗದು. ಈಜುಗಾರಿಕೆಯ ಜಾಗತಿಕ ಸಂಸ್ಥೆಯು 2022ರ ಜೂನ್‌ನಲ್ಲಿ, ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆಯು 2023ರ ಮಾರ್ಚ್‌ನಲ್ಲಿ, ಗಂಡಿನ ಪ್ರಾಯವನ್ನು ದಾಟಿ ಬಂದವರನ್ನು ತಮ್ಮ ಸ್ತ್ರೀವರ್ಗದಿಂದ ಹೊರಗಿರಿಸಿದವು. ಜಗತ್ತಿನ ಅತ್ಯುನ್ನತ ಪಂದ್ಯಗಳ ಮಟ್ಟಿಗೆ ಈ ನಿರ್ಣಯವು ನಮಗೆ ಅನ್ಯಾಯವೆಂದು ತೋರುವುದಿಲ್ಲ.

ಶಾಲೆಯ ಮೈದಾನದ ಮಾತು ಬೇರೆ. ಅಮೆರಿಕದಲ್ಲಿ 1972ರಲ್ಲಿ, ಸರಕಾರದ ಹಣವನ್ನು ಪಡೆಯುವ ವಿದ್ಯಾಸಂಸ್ಥೆಗಳು ಲಿಂಗಭೇದವನ್ನು ಮಾಡಕೂಡದೆಂದು ಒಂದು ಶಾಸನವಾಯಿತು. ಅದಕ್ಕೆ ಮುಂಚಿನ ವರ್ಷ ಆ ದೇಶದ ಹೈಸ್ಕೂಲುಗಳಲ್ಲಿ ಪಂದ್ಯಗಳನ್ನಾಡುತ್ತಿದ್ದ ಬಾಲಕಿಯರು ಮೂರು ಲಕ್ಷಕ್ಕೂ ಕಡಮೆ. ಅರ್ಧ ಶತಮಾನದಲ್ಲಿ ಆ ಸಂಖ್ಯೆಯು 30 ಲಕ್ಷವನ್ನು ಮೀರಿತು. ಇಂದಿನ ವಾದದ ಉಭಯಪಕ್ಷಗಳೂ ಇದೇ ಶಾಸನವನ್ನು ಕೈಯಲ್ಲಿ ಹಿಡಿದಿರುವುದು ವಿಚಿತ್ರ. ಬಾಲಕಿಯರಿಗೆ ದೊರೆತ ಈ ಎಡೆಯನ್ನು ಕಾಪಾಡಬೇಕೆಂದು ಒಂದು ಪಕ್ಷ. ಲಿಂಗದ ಕಾರಣದಿಂದ ಯಾವ ಮಗುವನ್ನೂ ಹೊರಗಟ್ಟಬಾರದೆಂದು ಇನ್ನೊಂದು. ಐಡಹೋ ಸಂಸ್ಥಾನವು 2020ರಲ್ಲಿ ಮೊತ್ತಮೊದಲ ನಿಷೇಧವನ್ನು ಹೊರಡಿಸಿತು. ಐದೇ ವರ್ಷಗಳಲ್ಲಿ 25ಕ್ಕೂ ಹೆಚ್ಚು ಸಂಸ್ಥಾನಗಳು ಅದನ್ನನುಸರಿಸಿದವು.

ಇವುಗಳಲ್ಲಿ ಯೂಟಾ ಸಂಸ್ಥಾನದ ವೃತ್ತಾಂತವು ತಾಯ್ತಂದೆಗಳು ಮನಗಾಣಬೇಕಾದುದು. 2022ರ ಮಾರ್ಚ್‌ನಲ್ಲಿ ಅಲ್ಲಿಯ ಶಾಸನಸಭೆಯು ಟ್ರಾನ್ಸ್‌ಜೆಂಡರ್ ಬಾಲಕಿಯರನ್ನು ಬಾಲಕಿಯರ ತಂಡಗಳಿಂದ ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಗವರ್ನರ್ ಸ್ಪೆನ್ಸರ್ ಕಾಕ್ಸ್ ಅವರು ಅದೇ ಪಕ್ಷಕ್ಕೆ ಸೇರಿದವರಾದರೂ ಅದಕ್ಕೆ ಅಂಕಿತವನ್ನು ಹಾಕದೆ ಹಿಂದಿರುಗಿಸಿದರು. ಅವರು ಬರೆದ ಪತ್ರದಲ್ಲಿ ಒಂದು ಲೆಕ್ಕವಿತ್ತು: ಆ ಸಂಸ್ಥಾನದ ಹೈಸ್ಕೂಲುಗಳಲ್ಲಿ ಆಟಗಳಿಗೆ ಸೇರಿದ ಮಕ್ಕಳು 75,000, ಅವರಲ್ಲಿ ಟ್ರಾನ್ಸ್‌ಜೆಂಡರ್ ಮಕ್ಕಳು ನಾಲ್ವರು, ಆ ನಾಲ್ವರಲ್ಲಿ ಬಾಲಕಿಯರ ತಂಡದಲ್ಲಿ ಆಡುತ್ತಿದ್ದುದು ಒಂದೇ ಮಗು. ಈ ಮಕ್ಕಳು ಪದಕಗಳಿಗಾಗಿ ಬಂದವರಲ್ಲ, ಗೆಳೆತನವನ್ನು ಅರಸಿ ಬಂದವರೆಂಬ ಅಭಿಪ್ರಾಯವನ್ನೂ ಅವರು ಸೂಚಿಸಿದ್ದರು. ಮೂರೇ ದಿನಗಳಲ್ಲಿ ಶಾಸನಸಭೆಯು ಗವರ್ನರರ ನಿರಾಕರಣೆಯನ್ನು ಮೀರಿ ಮಸೂದೆಯನ್ನು ಶಾಸನವಾಗಿಸಿತು. ಆಗಸ್ಟ್‌ನಲ್ಲಿ ನ್ಯಾಯಾಧೀಶರೊಬ್ಬರು ನಿಷೇಧವನ್ನು ತಡೆಹಿಡಿಯಲಾಗಿ, ಶಾಸನದಲ್ಲಿಯೇ ಹೇಳಿದ್ದ ಇನ್ನೊಂದು ಏರ್ಪಾಡು ಜಾರಿಗೆ ಬಂತು: ಮಗುವಿನ ಎತ್ತರ, ತೂಕ ಮೊದಲಾದುವನ್ನು ಪರಿಶೀಲಿಸಿ ಅನುಮತಿ ಕೊಡುವ ಒಂದು ಸಮಿತಿ.

ಅದೇ ತಿಂಗಳು ಮತ್ತೊಂದು ಸಂಗತಿಯು ಬೆಳಕಿಗೆ ಬಂತು. ಪಂದ್ಯವೊಂದರಲ್ಲಿ ಬಾಲಕಿಯೊಬ್ಬಳು ಉಳಿದವರನ್ನು ಬಹು ದೂರ ಹಿಂದಿಕ್ಕಿ ಗೆದ್ದಳು. ಎರಡನೆಯ ಮತ್ತು ಮೂರನೆಯ ಸ್ಥಾನವನ್ನು ಪಡೆದವರ ತಾಯ್ತಂದೆಗಳು, ಆಕೆ ಹೆಣ್ಣೇ ಹೌದೆ ಎಂದು ಶಾಲಾಕ್ರೀಡೆಗಳ ಸಂಘಕ್ಕೆ ದೂರಿತ್ತರು. ಸಂಘದವರು ಶಿಶುವಿಹಾರದವರೆಗೂ ಹಿಂದೆ ಹೋಗಿ ಆ ಬಾಲಕಿಯ ಶಾಲಾ ದಾಖಲೆಗಳನ್ನೆಲ್ಲ ತೆರೆದು ನೋಡಿದರು. ಮೊದಲಿನಿಂದ ಕೊನೆಯವರೆಗೆ ಎಲ್ಲೆಲ್ಲಿಯೂ ಹೆಣ್ಣೆಂದೇ ಬರೆದಿತ್ತು. ತಾವು ಹೀಗೆ ಹುಡುಕುತ್ತಿರುವ ಸುದ್ದಿಯನ್ನು ಅವರು ಆಕೆಗೂ ಆಕೆಯ ಮನೆಯವರಿಗೂ ತಿಳಿಸಲಿಲ್ಲ. ಇಂತಿಂಥ ಆಟಗಾರ್ತಿಯಲ್ಲಿ ಹೆಣ್ತನ ಸಾಲದೆಂಬ ದೂರುಗಳು ಬೇರೆಯೂ ಬಂದಿದ್ದುವೆಂದು ಸಂಘದವರೇ ಶಾಸಕರ ಮುಂದೆ ಹೇಳಿದರು. 2024ರ ಫೆಬ್ರವರಿಯಲ್ಲಿ ಅದೇ ಸಂಸ್ಥಾನದ ವಿದ್ಯಾಮಂಡಲಿಯ ಸದಸ್ಯೆಯೊಬ್ಬರು ಬ್ಯಾಸ್ಕೆಟ್‌ಬಾಲ್ ಆಡುವ ಹೈಸ್ಕೂಲಿನ ಬಾಲಕಿಯೊಬ್ಬಳು ಗಂಡಿರಬೇಕೆಂಬ ಸಂದೇಹವನ್ನು ಬಹಿರಂಗವಾಗಿ ಹರಡಿದರು. ಆಕೆಯೂ ಹುಟ್ಟಿನಿಂದ ಹೆಣ್ಣೇ. ಮಂಡಲಿಯು ಆ ಸದಸ್ಯೆಯನ್ನು ಖಂಡಿಸಿ ನಿರ್ಣಯ ಮಾಡಿತಾದರೂ, ಊರೆಲ್ಲ ಹಬ್ಬಿದ ಮಾತನ್ನು ನಿರ್ಣಯವು ಮರಳಿ ಹಿಡಿದು ತಂದೀತೆ?

ಉದ್ದನೆಯ, ಬಲವಾದ ಮೈಕಟ್ಟಿನ, ತಲೆಗೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡ ಹುಡುಗಿಯರು ಯಾವ ಶಾಲೆಯಲ್ಲಿಲ್ಲ? ಒಂದು ಮಗುವನ್ನು ತಡೆಯಲೆಂದು ಮಾಡಿದ ಕಟ್ಟಳೆಯ ದೃಷ್ಟಿಯು ಗೆದ್ದ ಹುಡುಗಿಯರೆಲ್ಲರ ಮೇಲೆಯೂ ಬೀಳುತ್ತದೆಂಬುದನ್ನು ವಾದದ ಗದ್ದಲದಲ್ಲಿ ಬಹಳ ಮಂದಿ ಗಮನಿಸಲಿಲ್ಲ.

ಕ್ರೀಡಾಲೋಕಕ್ಕೆ ಇದು ಹೊಸ ಅನುಭವವೂ ಅಲ್ಲ. 1966ರಲ್ಲಿ ಬುಡಾಪೆಸ್ಟಿನಲ್ಲಿ ನಡೆದ ಯೂರೋಪಿನ ಪಂದ್ಯಗಳಲ್ಲಿ ಸ್ತ್ರೀಯರು ವಿವಸ್ತ್ರರಾಗಿ ವೈದ್ಯರ ಮುಂದೆ ಹಾದುಹೋಗಬೇಕಾಯಿತು. ಅದು ಲಜ್ಜೆಗೇಡೆನಿಸಿದ ಮೇಲೆ ಜೀವಕಣಗಳ ಪರೀಕ್ಷೆಯು ಬಂತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 3,387 ಸ್ತ್ರೀಯರನ್ನು ಪರೀಕ್ಷಿಸಲಾಗಿ 8 ಮಂದಿಯ ಫಲಿತಾಂಶವು ಬೇರೆಯಾಗಿ ಬಂತು. ಅವರಲ್ಲಿ ವೇಷ ಮರೆಸಿಕೊಂಡು ಬಂದ ಗಂಡಸು ಒಬ್ಬನೂ ಇರಲಿಲ್ಲ. ಎಲ್ಲರೂ ಹುಟ್ಟಿನಲ್ಲಿಯೇ ದೇಹದ ಬೆಳವಣಿಗೆಯಲ್ಲಿ ಭಿನ್ನತೆಯುಳ್ಳ ಸ್ತ್ರೀಯರಾಗಿದ್ದು, ಎಲ್ಲರಿಗೂ ಸ್ಪರ್ಧಿಸಲು ಅನುಮತಿ ದೊರೆಯಿತು. 1999ರಲ್ಲಿ ಒಲಿಂಪಿಕ್ ಸಮಿತಿಯು ಸಾರಾಸಗಟಾದ ಪರೀಕ್ಷೆಯನ್ನೇ ನಿಲ್ಲಿಸಿತು.

ನಿಂತದ್ದು ಸಾರಾಸಗಟಾದ ಪರೀಕ್ಷೆಯೇ ಹೊರತು ಸಂದೇಹವಲ್ಲ. ತಮಿಳುನಾಡಿನ ಕೂಲಿಕಾರರ ಮಗಳಾದ ಶಾಂತಿ ಸೌಂದರರಾಜನ್ ಅವರು 2006ರ ದೋಹಾ ಏಷ್ಯನ್ ಕ್ರೀಡೆಗಳ 800 ಮೀಟರ್ ಓಟದಲ್ಲಿ ಬೆಳ್ಳಿಯ ಪದಕವನ್ನು ಪಡೆದು, ಪರೀಕ್ಷೆಯ ನೆಪದಿಂದ ಅದನ್ನು ಕಳೆದುಕೊಂಡರು. ಒಡಿಶಾದ ದ್ಯುತಿ ಚಂದ್ ಅವರನ್ನು 2014ರಲ್ಲಿ ತಂಡದಿಂದ ಹೊರಗಿಟ್ಟಾಗ ಅವರು ಸುಮ್ಮನಿರದೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಲಿಗೆ ಹೋಗಿ, 2015ರ ಜುಲೈಯಲ್ಲಿ ಆ ನಿಯಮವನ್ನೇ ಅಮಾನತಿನಲ್ಲಿರಿಸುವಂತೆ ಮಾಡಿದರು. ಇವರಿಬ್ಬರೂ ಟ್ರಾನ್ಸ್‌ಜೆಂಡರ್ ಅಲ್ಲ. ಹೆಣ್ಣಾಗಿ ಹುಟ್ಟಿ ಹೆಣ್ಣಾಗಿಯೇ ಬೆಳೆದವರು. ಎರಡು ವಿಷಯಗಳನ್ನು ಬೆರೆಸಿ ಮಾತನಾಡುವುದು ಪತ್ರಿಕೆಗಳಲ್ಲಿ ಸಾಮಾನ್ಯವಾಗಿರುವುದರಿಂದ ಇದನ್ನು ಬಿಡಿಸಿ ಹೇಳಿದ್ದೇವೆ.

2025ರ ಸೆಪ್ಟೆಂಬರ್ 1ರಿಂದ ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆಯು ತನ್ನ ಜಾಗತಿಕ ಪಂದ್ಯಗಳ ಸ್ತ್ರೀವರ್ಗದವರೆಲ್ಲರೂ ಒಮ್ಮೆ ಜೀನ್ ಪರೀಕ್ಷೆಗೊಳಗಾಗಬೇಕೆಂದು ವಿಧಿಸಿತು. ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರಸಿಯೋ ರಕ್ತವನ್ನು ತೆಗೆದೋ ಇದನ್ನು ಮಾಡುತ್ತಾರೆ. ಎಲ್ಲರಿಗೂ ಒಂದೇ ಅಳತೆಯಾದ್ದರಿಂದ ನೋಟಕರ ಕಣ್ಣಿನ ಸಂದೇಹಕ್ಕೆ ಇಲ್ಲಿ ಎಡೆಯಿಲ್ಲವೆಂಬುದು ಇದರ ಗುಣ. ಅಟ್ಲಾಂಟಾದಲ್ಲಿ ಕಂಡ ಎಂಟು ಮಂದಿಯಂಥವರು ಇದರ ಬಲೆಗೂ ಬೀಳಬಹುದೆಂಬುದು ದೋಷ.

ಅಮೆರಿಕದ ರಾಜಕಾರಣದಲ್ಲಿ ಮಾತ್ರ ಇಂಥ ಗುಣದೋಷಗಳ ವಿವೇಚನೆಗೆ ವ್ಯವಧಾನವಿರಲಿಲ್ಲ. ಅಲ್ಲಿಯ ಕಾಲೇಜು ಕ್ರೀಡಾಸಂಘದ ಅಧ್ಯಕ್ಷರು 2024ರ ಡಿಸೆಂಬರ್‌ನಲ್ಲಿ ಸೆನೆಟಿನ ಮುಂದೆ, 5,10,000 ಆಟಗಾರರಲ್ಲಿ ತಮಗೆ ತಿಳಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಹತ್ತಕ್ಕಿಂತ ಕಡಮೆಯೆಂದು ಹೇಳಿದರು. 2025ರ ಫೆಬ್ರವರಿ 5ರಂದು ರಾಷ್ಟ್ರಾಧ್ಯಕ್ಷ ಟ್ರಂಪ್ ಅವರು ನಿಷೇಧದ ಆಜ್ಞೆಗೆ ಸಹಿ ಹಾಕಿದರು. ಮರುದಿನವೇ ಆ ಸಂಘವು ತನ್ನ ನಿಯಮವನ್ನು ಬದಲಾಯಿಸಿತು. ಐಡಹೋ ಮತ್ತು ವೆಸ್ಟ್ ವರ್ಜೀನಿಯಾ ಸಂಸ್ಥಾನಗಳ ನಿಷೇಧಗಳನ್ನು ಕುರಿತ ವ್ಯಾಜ್ಯಗಳನ್ನು ಸುಪ್ರೀಂ ಕೋರ್ಟು 2025ರ ಜುಲೈಯಲ್ಲಿ ವಿಚಾರಣೆಗೆ ಅಂಗೀಕರಿಸಿತು.

ಒಬ್ಬರೋ ಇಬ್ಬರೋ ಇದ್ದರೇನಂತೆ, ನಮ್ಮ ಮಗಳು ಸೋತದ್ದು ಅವರಿಗೇ ಅಲ್ಲವೆ ಎಂದು ತಾಯಿಯೊಬ್ಬಳು ಕೇಳಿದರೆ ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ವರ್ಷಗಟ್ಟಲೆ ಬೆಳಗಿನ ಜಾವದಲ್ಲಿ ಎದ್ದು ಓಡಿದವಳಿಗೆ ಸಂಖ್ಯೆಯ ಸಮಾಧಾನವು ಸಾಲದು. ಹೈಸ್ಕೂಲಿನ ಕೊನೆಯ ವರ್ಷಗಳ, ಸಂಸ್ಥಾನಮಟ್ಟದ ಪಂದ್ಯಗಳಿಗೆ ಒಂದು ಕಟ್ಟುನಿಟ್ಟು ಬೇಕೆಂದೇ ನಮ್ಮ ಅಭಿಪ್ರಾಯ. ಆದರೆ ಪ್ರಾಯಕ್ಕೆ ಬಾರದ ಮಕ್ಕಳ ಆಟಕ್ಕೂ ತರಗತಿ ತರಗತಿಗಳ ನಡುವಣ ಪಂದ್ಯಕ್ಕೂ ಅದೇ ಕಟ್ಟುನಿಟ್ಟನ್ನು ಎಳೆದು ತರಲು ದೇಹಶಾಸ್ತ್ರದಲ್ಲಿ ಆಧಾರವಿಲ್ಲ. ಅಲ್ಲಿ ಆಟದ ಉಪಾಧ್ಯಾಯಿನಿಯ ವಿವೇಕವೇ ಸಾಕು. ಇನ್ನು ಯಾವ ಮಟ್ಟದಲ್ಲಿಯೇ ಆಗಲಿ, ಸೋತವರ ಕಡೆಯ ಒಂದು ದೂರಿನ ಮೇಲೆ ಗೆದ್ದ ಬಾಲಕಿಯ ದಾಖಲೆಗಳನ್ನು ಆಕೆಯ ಮನೆಯವರಿಗೆ ತಿಳಿಸದೆ ತೆರೆಯುವ ಅಧಿಕಾರವು ಯಾವ ಸಂಘಕ್ಕೂ ಇರಬಾರದು.