ಮೂರನೆಯ ಅಕ್ಷರಕ್ಕೆ ಸಿಕ್ಕ ಸಡಿಲಿಕೆ

ಜೀವಕೋಶವು ಪ್ರೋಟೀನನ್ನು ಕಟ್ಟುವ ಕ್ರಮವನ್ನು 1960ರ ದಶಕದಲ್ಲಿ ಬಿಡಿಸುತ್ತಿದ್ದ ವಿಜ್ಞಾನಿಗಳಿಗೆ ಎದುರಾದದ್ದು ಲೆಕ್ಕದ ತೊಡಕು. ಸಂದೇಶವಾಹಕ ಆರ್‌ಎನ್‌ಎಯಲ್ಲಿ ಮೂರು ಅಕ್ಷರಗಳ ಒಂದೊಂದು ಗುಂಪು, ಅಂದರೆ ಕೋಡಾನ್, ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ; 64 ಕೋಡಾನ್‌ಗಳಲ್ಲಿ 3 ನಿಲುಗಡೆಯ ಸೂಚನೆಗಳು, ಉಳಿದ 61 ಸೂಚಿಸುವುದು 20 ಅಮೈನೋ ಆಮ್ಲಗಳನ್ನು ಮಾತ್ರ. ಅಮೈನೋ ಆಮ್ಲವನ್ನು ಹೊತ್ತು ತರುವ ವರ್ಗಾವಣೆ ಆರ್‌ಎನ್‌ಎ ತನ್ನ ಪ್ರತಿಕೋಡಾನ್‌ನ ಮೂರು ಅಕ್ಷರಗಳಿಂದ ಕೋಡಾನನ್ನು ಗುರುತಿಸುವಾಗ ಎ-ಯು, ಜಿ-ಸಿ ಎಂಬ ಜೋಡಣೆಯ ನಿಯಮವನ್ನು ಎಲ್ಲೆಡೆ ಕಟ್ಟುನಿಟ್ಟಾಗಿ ಪಾಲಿಸುವುದಾದರೆ ಅಂಥ 61 ವಾಹಕಗಳು ಬೇಕಾಗುತ್ತಿದ್ದವು.

ಉತ್ತರದ ಸುಳಿವು ದೊರೆತದ್ದು ಅಮೆರಿಕದ ಕಾರ್ನೆಲ್‌ನಲ್ಲಿ. ರಾಬರ್ಟ್ ಹಾಲಿ ಮತ್ತು ಸಂಗಡಿಗರು ಸುಮಾರು 140 ಕಿಲೋಗ್ರಾಂ ಬ್ರೆಡ್ ಯೀಸ್ಟ್‌ನಿಂದ ಅಲನೈನ್ ಹೊರುವ ವರ್ಗಾವಣೆ ಆರ್‌ಎನ್‌ಎಯನ್ನು 1 ಗ್ರಾಂನಷ್ಟು ಬೇರ್ಪಡಿಸಿ, 1965ರಲ್ಲಿ ಅದರ ಅಕ್ಷರಕ್ರಮವನ್ನು ಪೂರ್ತಿಯಾಗಿ ಓದಿದಾಗ, ಪ್ರತಿಕೋಡಾನ್‌ನ ಮೊದಲ ಸ್ಥಾನದಲ್ಲಿ ಎ, ಯು, ಜಿ, ಸಿ ಯಾವುದೂ ಅಲ್ಲದ ಇನೋಸಿನ್ ಕಂಡುಬಂತು. ಎಳೆಗಳು ಎದುರುಬದುರಾಗಿ ಕೂಡುವುದರಿಂದ ಈ ಮೊದಲ ಅಕ್ಷರ ಸೇರುವುದು ಕೋಡಾನ್‌ನ ಮೂರನೆಯ ಅಕ್ಷರದೊಡನೆ. 1966ರಲ್ಲಿ ಫ್ರಾನ್ಸಿಸ್ ಕ್ರಿಕ್ ಮಂಡಿಸಿದ ವಾಬಲ್ ಸಿದ್ಧಾಂತದ ತಿರುಳು ಇಲ್ಲಿದೆ: ಮೊದಲೆರಡು ಜೋಡಿಗಳು ಬಿಗಿಯಾಗಿರಬೇಕು, ಮೂರನೆಯದು ತುಸು ಸರಿದು ಕೂಡಬಹುದು, ಹಾಗಾಗಿ ಅಲ್ಲಿ ಜಿ ಅಕ್ಷರವು ಯು ಜೊತೆಗೂ ಕೂಡುತ್ತದೆ, ಇನೋಸಿನ್ ಯು, ಸಿ, ಎ ಮೂರಕ್ಕೂ ಹೊಂದುತ್ತದೆ. ಪ್ರತಿಕೋಡಾನ್‌ನ ಸಿ ಮಾತ್ರ ಜಿ ಬಿಟ್ಟು ಬೇರೆಯದಕ್ಕೆ ಒಲಿಯದು. ಮೆಥಿಯೋನಿನ್‌ನ ಎಯುಜಿ ಪಕ್ಕದ ಐಸೋಲ್ಯೂಸಿನ್‌ನ ಎಯುಎಯೊಡನೆ ಬೆರೆಯದಿರುವುದು ಈ ಬಿಗಿಯಿಂದಲೇ.

ಕ್ರಿಕ್ ತರ್ಕದಿಂದ ಊಹಿಸಿದ್ದನ್ನು ಕಣ್ಣಿಗೆ ಕಾಣಿಸಿದ್ದು 2001ರಲ್ಲಿ, ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರ ಕೇಂಬ್ರಿಜ್ ತಂಡ: ಪ್ರೋಟೀನು ಕಟ್ಟುವ ಯಂತ್ರವಾದ ರೈಬೋಸೋಮ್‌ನ 1492 ಮತ್ತು 1493ನೆಯ ಅಡೆನಿನ್‌ಗಳು, ಅಂದರೆ ಎ ಅಕ್ಷರಗಳು, ಹೊರಚಾಚಿ ಮೊದಲೆರಡು ಜೋಡಿಗಳ ಆಕಾರವನ್ನು ಪರಿಶೀಲಿಸುತ್ತವೆ, ಮೂರನೆಯದಕ್ಕೆ ಅಷ್ಟು ಕಟ್ಟುಪಾಡಿಲ್ಲ. ಪ್ರೋಟೀನಿನ ಆರಂಭದಲ್ಲಿ ಈ ಕ್ರಮವೂ ಬದಲಾಗುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಆರಂಭಿಕ ವರ್ಗಾವಣೆ ಆರ್‌ಎನ್‌ಎ ಎಯುಜಿ ಬದಲು ಜಿಯುಜಿಯನ್ನೂ ಒಪ್ಪುವುದರಿಂದ ಸಡಿಲಿಕೆ ಮೊದಲ ಅಕ್ಷರಕ್ಕೆ ಸರಿಯುತ್ತದೆ. ಈ ಆರಂಭಿಕ ಅಣುವಿನ ಕಾಂಡದಲ್ಲಿರುವ ಮೂರು ಜಿ-ಸಿ ಜೋಡಿಗಳ ಪಾತ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವಾರ್ಷ್ಣೇಯ ಅವರ ಪ್ರಯೋಗಾಲಯ ದೀರ್ಘಕಾಲ ಅಧ್ಯಯನ ಮಾಡಿದೆ.

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳ ಜೀವಶಾಸ್ತ್ರ ಅಧ್ಯಾಪಕರು ಕೋಡಾನ್ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಮೊದಲು, ಅಲನೈನ್‌ನ ನಾಲ್ಕು ಕೋಡಾನ್‌ಗಳಲ್ಲಿ ಬದಲಾಗುವ ಅಕ್ಷರ ಯಾವುದೆಂದು ವಿದ್ಯಾರ್ಥಿಗಳಿಂದಲೇ ಹುಡುಕಿಸಬೇಕು.