ಎಲ್ಲರೂ ಹತ್ತಿದ ಬಂಡಿ

ಮಕ್ಕಳೇ, ಇಂಗ್ಲಿಷ್‌ನಲ್ಲಿ ‘ಜಂಪ್ ಆನ್ ದ ಬ್ಯಾಂಡ್‌ವ್ಯಾಗನ್’ ಎಂಬ ನುಡಿಗಟ್ಟು ಇದೆ. ‘ಬ್ಯಾಂಡಿನ ಬಂಡಿ ಹತ್ತು’ ಎಂದು ಪದಕ್ಕೆ ಪದ ಇಟ್ಟರೆ ಅರ್ಥ ಹೊಳೆಯುವುದಿಲ್ಲ. ಆ ಬಂಡಿ ಯಾವುದೆಂದು ಮೊದಲು ನೋಡೋಣ.

19ನೇ ಶತಮಾನದ ಅಮೆರಿಕದಲ್ಲಿ ಸರ್ಕಸ್ ಕಂಪನಿ ಊರಿಗೆ ಬಂದರೆ ಬೀದಿಯಲ್ಲಿ ಮೆರವಣಿಗೆ ಹೊರಡುತ್ತಿತ್ತು. ವಾದ್ಯದವರು ಕೂತಿದ್ದ ದೊಡ್ಡ ಬಂಡಿಯನ್ನು ಕುದುರೆಗಳು ಎಳೆಯುತ್ತಿದ್ದವು. ಕೆತ್ತನೆ, ಬಣ್ಣ, ಚಿನ್ನದ ಹೊಳಪು ಎಲ್ಲವೂ ಅದಕ್ಕಿತ್ತು. ನಮ್ಮ ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟಿನ ಸದ್ದು ಕೇಳಿ ನಾವು ಬಾಗಿಲಿಗೆ ಓಡಿಬರುತ್ತೇವಲ್ಲ, ಹಾಗೆಯೇ ಅಲ್ಲಿಯ ಜನರೂ ಬೀದಿಗೆ ಬರುತ್ತಿದ್ದರು. ಪ್ರದರ್ಶನಗಳಿಗೆ ಹೆಸರಾದ ಪಿ. ಟಿ. ಬಾರ್ನಮ್ 1855ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಈ ಪದವಿದೆ. ಅಲ್ಲಿ ಅದು ಬರೀ ಬಂಡಿಯೇ.

ಜನರನ್ನು ಸೆಳೆಯುವ ಈ ಉಪಾಯ ರಾಜಕಾರಣಿಗಳಿಗೂ ಹಿಡಿಸಿತು. ಚುನಾವಣೆಯ ಮೆರವಣಿಗೆಗೂ ಇಂಥ ಬಂಡಿಗಳು ಬಂದವು. ಗೆಲ್ಲುವಂತೆ ಕಾಣುವವರ ಬಂಡಿ ಏರಲು ನೂಕುನುಗ್ಗಲು! ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ 1899ರ ಪತ್ರವೊಂದರಲ್ಲಿ ಈ ಪದವನ್ನು ಇದೇ ಅರ್ಥದಲ್ಲಿ ಬಳಸಿದ್ದಾರೆ.

ಈಗ ಅರ್ಥ ಸುಲಭ: ಎಲ್ಲರೂ ಮಾಡುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ತಾನೂ ಸೇರಿಕೊಳ್ಳುವುದು. ನಾವು ‘ಹತ್ತರ ಜೊತೆ ಹನ್ನೊಂದು’, ‘ಕುರಿಮಂದೆ’ ಎನ್ನುತ್ತೇವಲ್ಲ, ಅದಕ್ಕೆ ಹತ್ತಿರ. ಮಾತಿನಲ್ಲಿ ಸ್ವಲ್ಪ ಕುಟುಕು ಇರುವುದರಿಂದ ನೋಡಿಕೊಂಡು ಬಳಸಬೇಕು. 2024ರ ಡಿಸೆಂಬರ್‌ನಲ್ಲಿ 18 ವರ್ಷದ ಗುಕೇಶ್ ಚೆಸ್‌ನ ವಿಶ್ವ ಚಾಂಪಿಯನ್ ಆದರು. ಆ ಸುದ್ದಿ ಕೇಳಿ ಚೆಸ್ ಬೋರ್ಡ್ ಕೊಡಿಸಿಕೊಂಡು, ವಾರದೊಳಗೆ ಅಟ್ಟಕ್ಕೆ ಹಾಕಿದವನಿಗೆ ಈ ಮಾತು ಸಲ್ಲುತ್ತದೆ. ಇವತ್ತಿಗೂ ದಿನಾ ಸಂಜೆ ತಾತನ ಜೊತೆ ಆಡುವ ಹುಡುಗಿಗೆ ಸಲ್ಲುವುದಿಲ್ಲ. ಇಬ್ಬರೂ ಶುರು ಮಾಡಿದ್ದು ಒಂದೇ ದಿನ ಇರಬಹುದು. ಆದರೆ ಅವಳಿಗೆ ಆಟವೇ ಇಷ್ಟವಾಯಿತು.

ಅಜ್ಜ ಅಜ್ಜಿಯರೇ, ನೀವೂ ಒಂದು ಕಾಲಕ್ಕೆ ಬೆಲ್‌ಬಾಟಮ್ ಪ್ಯಾಂಟಿಗಾಗಿ ಹಟ ಹಿಡಿದವರೇ ಅಲ್ಲವೇ? ಆ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಿ. ಬಟ್ಟೆ, ಆಟಿಕೆಗಳಲ್ಲಿ ಹತ್ತು ಜನರಂತೆ ಇರಬೇಕೆಂಬ ಆಸೆಯಿಂದ ಯಾರಿಗೂ ದೊಡ್ಡ ನಷ್ಟವಿಲ್ಲ.

ನಷ್ಟವಾಗುವ ಜಾಗ ಬೇರೆ ಇದೆ. ತರಗತಿಯಲ್ಲಿ ಒಬ್ಬನಿಗೆ ಅಡ್ಡಹೆಸರಿಟ್ಟು ನಾಲ್ವರು ನಗುತ್ತಾರೆ. ಐದನೆಯವನಿಗೆ ಅವನ ಮೇಲೆ ಸಿಟ್ಟೇನೂ ಇಲ್ಲ. ಆದರೂ ತಾನೊಬ್ಬನೇ ಹೊರಗುಳಿದೇನೆಂದು ಹೆದರಿ ನಗುತ್ತಾನೆ. ಅದೂ ಬ್ಯಾಂಡಿನ ಬಂಡಿಯೇ. ನಗಿಸಿಕೊಂಡವನಿಗೆ ಮೊದಲು ನಕ್ಕವರು ಯಾರು, ಕೊನೆಗೆ ನಕ್ಕವರು ಯಾರು ಎಂಬ ವ್ಯತ್ಯಾಸ ತಿಳಿಯುವುದಿಲ್ಲ. ಎಲ್ಲರೂ ನಕ್ಕರು ಎಂದಷ್ಟೇ ತಿಳಿಯುತ್ತದೆ.

ಅಂಥ ಬಂಡಿ ನಿಮ್ಮ ಮುಂದೆ ಬಂದಾಗ ಹತ್ತಬೇಡಿ. ಕೆಳಗೆ ನಿಂತವನ ಪಕ್ಕದಲ್ಲಿ ಹೋಗಿ ನಿಲ್ಲಿ. ಅವನು ಒಂಟಿಯಾಗದಿರಲು ಅಷ್ಟು ಸಾಕು.