ಇ-ಮೇಲ್ ವಿಳಾಸವನ್ನು ಯಂತ್ರವು ಪರೀಕ್ಷಿಸುವ ಬಗೆ

ವಿದ್ಯಾರ್ಥಿಯೊಬ್ಬನು ಕಾಲೇಜಿನ ಪ್ರವೇಶಕ್ಕಾಗಿ ಗಣಕಯಂತ್ರದಲ್ಲಿ ಅರ್ಜಿಯನ್ನು ತುಂಬುತ್ತಿದ್ದಾನೆಂದು ಭಾವಿಸಿರಿ. ಅವನು ಬರೆದ ಇ-ಮೇಲ್ ವಿಳಾಸವು ಸರಿಯಾಗಿಯೇ ಇದೆ. ಅದಕ್ಕೆ ದಿನವೂ ಪತ್ರಗಳು ಬರುತ್ತಿವೆ. ಆದರೂ ಯಂತ್ರವು ‘ವಿಳಾಸ ತಪ್ಪು’ ಎಂದು ಅರ್ಜಿಯನ್ನು ನಿರಾಕರಿಸುತ್ತದೆ. ಅಂದೇ ಕೊನೆಯ ದಿನವಾಗಿದ್ದರೆ ಅವನ ಗತಿಯೇನು? ಯಂತ್ರವು ಇಂತಹ ತೀರ್ಪನ್ನು ಹೇಗೆ ಕೊಟ್ಟಿತೆಂಬುದನ್ನು ವಿಚಾರಮಾಡೋಣ.

ಅಕ್ಷರಗಳ ಸಾಲೊಂದು ಯಾವ ರೂಪದಲ್ಲಿರಬೇಕೆಂದು ಯಂತ್ರಕ್ಕೆ ತಿಳಿಸುವ ಸಂಕೇತಸೂತ್ರಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂದು ಹೆಸರು. ಅಮೆರಿಕದ ಗಣಿತಜ್ಞನಾದ ಸ್ಟೀಫನ್ ಕ್ಲೇನಿಯು 1951ರಲ್ಲಿ ನರಜಾಲಗಳ ಗಣಿತವನ್ನು ಪರಿಶೀಲಿಸುತ್ತ ಇದನ್ನು ಕಲ್ಪಿಸಿದನು. ಇದರಿಂದ ಬರಹದಲ್ಲಿ ಬೇಕಾದುದನ್ನು ಹುಡುಕುವ ಉಪಾಯವನ್ನು ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದನು. ವಿಳಾಸಕ್ಕೆ ಒಪ್ಪುವ ಸರಳ ಸೂತ್ರವೊಂದು ಹೀಗಿದೆ:

.+@.+\..+

ಇಲ್ಲಿ ಚುಕ್ಕೆ ಎಂದರೆ ಯಾವುದಾದರೂ ಒಂದು ಅಕ್ಷರ. ತನ್ನ ಹಿಂದಿರುವುದು ಒಂದು ಅಥವಾ ಹೆಚ್ಚು ಸಲ ಬರಬಹುದೆಂದು ಕೂಡುವ ಚಿಹ್ನೆಯು ಹೇಳುತ್ತದೆ. ಓರೆಗೆರೆಯನ್ನು ಹಿಂಬಾಲಿಸಿದ ಚುಕ್ಕೆ ಮಾತ್ರ ನಿಜವಾದ ಚುಕ್ಕೆಯೇ. ಎಂದರೆ, ಮೊದಲು ಕೆಲವು ಅಕ್ಷರಗಳು. ಬಳಿಕ 1971ರಲ್ಲಿ ರೇ ಟಾಮ್ಲಿನ್ಸನ್ ಆರಿಸಿದ @ ಚಿಹ್ನೆ. ಪುನಃ ಅಕ್ಷರಗಳು, ಚುಕ್ಕೆ, ಅಕ್ಷರಗಳು.

ಇದು ತೀರ ಸಡಿಲವೆಂದು ತೋರಿ, ಪ್ರೋಗ್ರಾಮ್ ಬರೆಯುವವರು ಬಿಗಿಗೊಳಿಸಲು ಹೊರಡುತ್ತಾರೆ. ತೊಂದರೆ ಹುಟ್ಟುವುದು ಅಲ್ಲಿಯೇ. ವಿಳಾಸದ ಕೊನೆಯ ಭಾಗದಲ್ಲಿ ನಾಲ್ಕಕ್ಕಿಂತ ಹೆಚ್ಚು ಅಕ್ಷರಗಳಿರಕೂಡದೆಂದು ಹಲವರು ವಿಧಿಸಿದ್ದರು. ಇಂಗ್ಲಿಷಿನಲ್ಲಿ ಆರು ಅಕ್ಷರಗಳ ‘ಮ್ಯೂಸಿಯಂ’ 2001ರಲ್ಲಿ ಬಂದಾಗ ಆ ಸೂತ್ರಗಳು ಅದನ್ನು ಒಪ್ಪಲಿಲ್ಲ. ಹೆಸರಿನ ಭಾಗದಲ್ಲಿ ಕೂಡುವ ಚಿಹ್ನೆಯಿರುವುದು ನಿಯಮಬದ್ಧವೇ ಆದರೂ ಅದನ್ನು ಮರೆತವರು ಅನೇಕರು. ಇಂಗ್ಲಿಷ್ ಅಕ್ಷರಗಳೇ ಇರಬೇಕೆಂಬ ಸೂತ್ರವಂತೂ ‘.ಭಾರತ’ ಎಂದು ಮುಗಿಯುವ ಕನ್ನಡ ವಿಳಾಸವನ್ನು ಬಾಗಿಲಲ್ಲೇ ತಡೆಯುತ್ತದೆ. ಇತರ ಲಿಪಿಗಳ ಇ-ಮೇಲ್ ವಿಳಾಸಗಳಿಗೆ 2012ರಲ್ಲಿಯೇ ನಿಯಮಗಳು ಸಿದ್ಧವಾಗಿದ್ದುವು!

ಹಾಗಾದರೆ ನಿಯಮಗಳೆಲ್ಲವನ್ನೂ ಸೂತ್ರದಲ್ಲಿ ಅಡಕಮಾಡಬಹುದಲ್ಲ ಎಂದು ವಾಚಕರು ಕೇಳಬಹುದು. 1982ರ ನಿಯಮಾವಳಿಯು ವಿಳಾಸದೊಳಗೆ ಕಂಸದಲ್ಲಿ ಟಿಪ್ಪಣಿಯನ್ನೂ, ಆ ಕಂಸದೊಳಗೆ ಇನ್ನೊಂದು ಕಂಸವನ್ನೂ, ಹೀಗೆ ಎಷ್ಟು ಆಳಕ್ಕಾದರೂ ಬರೆಯಲು ಅವಕಾಶ ಕೊಟ್ಟಿತ್ತು. ತೆರೆದ ಕಂಸಗಳೆಷ್ಟು, ಮುಚ್ಚಿದುವೆಷ್ಟು ಎಂದು ಮಿತಿಯಿಲ್ಲದೆ ಎಣಿಸುವ ಶಕ್ತಿಯು ಕ್ಲೇನಿಯ ಸೂತ್ರಗಳಿಗಿಲ್ಲ. ಇದು ಗಣಿತದಿಂದ ಸಿದ್ಧವಾದ ಮಾತು.

ಅಲ್ಲದೆ, ರೂಪವು ಸರಿಯಾದ ಮಾತ್ರಕ್ಕೆ ಆ ವಿಳಾಸದಲ್ಲಿ ಯಾರಾದರೂ ಇದ್ದಾರೆಂದು ಹೇಳಲಾಗದು. ಒಂದಕ್ಷರ ತಪ್ಪಿದರೂ ಸೂತ್ರವು ಸುಮ್ಮನೆ ಒಪ್ಪಿಬಿಡುತ್ತದೆ. ಆದುದರಿಂದ ತಿಳಿದವರು ಮೇಲಿನಂತಹ ಸಡಿಲ ಸೂತ್ರದಿಂದ ಕಣ್ತಪ್ಪುಗಳನ್ನಷ್ಟೇ ಹಿಡಿದು, ಆ ವಿಳಾಸಕ್ಕೆ ಗುಪ್ತಸಂಖ್ಯೆಯುಳ್ಳ ಪತ್ರವೊಂದನ್ನು ಕಳುಹಿಸುತ್ತಾರೆ. ಅರ್ಜಿದಾರನು ಆ ಸಂಖ್ಯೆಯನ್ನು ಮರಳಿ ಬರೆದನೆಂದರೆ ಪತ್ರವು ಅವನಿಗೆ ತಲುಪಿತೆಂದೇ ಅರ್ಥ.